ಹಳೆ ಡೇಟಾ ಟೈಪನ್ನು ಬಿಡಿಸುವುದು ಹೇಗೆ: ಐದು ದಾರಿ, ಒಂದು ಅಡಿಕೆ ಲೆಕ್ಕ

ಹೋದ ಮಳೆಗಾಲದಲ್ಲಿ ನಾವು ಮೂವರು ಗೆಳೆಯರು ಒಂದೇ ವಿಷಯಕ್ಕೆ ಎರಡು ತಿಂಗಳು ಜಗಳಾಡಿದೆವು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೆಲವು ಅಡಿಕೆ ಅಂಗಡಿಗಳಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಅದರ ಅಡಿಯಲ್ಲಿ ಪೈಥಾನ್‌ನಲ್ಲಿ ಬರೆದ ಒಂದು ಚಿಕ್ಕ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸುವ ಕೋಡಿನ ಗಂಟು, ಇದೆ. ಆ ಲೈಬ್ರರಿಯಲ್ಲಿ ‘ರೂಪಾಯಿ’ ಅಂತ ಒಂದು ಡೇಟಾ ಟೈಪ್, ಅಂದರೆ ಒಂದು ಬಗೆಯ ಮಾಹಿತಿಯನ್ನು ಹೇಗೆ ಇಡಬೇಕು ಅಂತ ಹೇಳುವ ಅಚ್ಚು. ಒಳಗೆ ನೋಡಿದರೆ ಅದು ಬರೀ ಫ್ಲೋಟ್, ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಅಂದಾಜಾಗಿ ಇಡುವ ರೀತಿ. ಹಣವನ್ನು ಫ್ಲೋಟ್‌ನಲ್ಲಿ ಇಡಬಾರದು ಅಂತ ಆಗಲೂ ಎಲ್ಲೋ ಓದಿದ್ದೆವು. ಕೆಲಸ ಮುಗಿಸುವ ಗಡಿಬಿಡಿಯಲ್ಲಿ ಸುಮ್ನೆ ಬಿಟ್ಟೆವು.

ಯಾಕೆ ಇಡಬಾರದು ಅಂತ ಗೊತ್ತಿಲ್ಲದವರಿಗೆ ಒಂದು ಸಣ್ಣ ಪರೀಕ್ಷೆ. ಪೈಥಾನ್‌ನಲ್ಲಿ 0.1ನ್ನು ಕೂಡುವ ಚಿಹ್ನೆಯಿಂದಲೇ ಒಂದೊಂದಾಗಿ ಹತ್ತು ಸಲ ಕೂಡಿ. 1 ಬರುವುದಿಲ್ಲ, 0.9999999999999999 ಬರುತ್ತದೆ. 2.675ನ್ನು ಎರಡು ದಶಮಾಂಶಕ್ಕೆ ರೌಂಡ್ ಮಾಡಿ. 2.68 ಅಲ್ಲ, 2.67. ಕಂಪ್ಯೂಟರ್ ಒಳಗೆ ಈ ಸಂಖ್ಯೆಗಳೆಲ್ಲ ಎರಡರ ಲೆಕ್ಕದಲ್ಲಿ ಕೂತಿರುತ್ತವೆ, ಹತ್ತರ ಲೆಕ್ಕಕ್ಕೆ ಪೂರ್ತಿ ಹೊಂದುವುದಿಲ್ಲ. ಒಂದು ಚೀಟಿಯಲ್ಲಿ ಒಂದು ಪೈಸೆ ಹೆಚ್ಚುಕಮ್ಮಿ ಆದರೆ ಯಾರೂ ಕೇಳುವುದಿಲ್ಲ. ವರ್ಷದ ಕೊನೆಗೆ ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕೋಕ ಅಂತ ಅಡಿಕೆಯ ಎಲ್ಲ ದರ್ಜೆಗಳನ್ನೂ ಕೂಡಿಸಿ ಪುಸ್ತಕಕ್ಕೆ ತಾಳೆ ನೋಡುವಾಗ ಕೇಳುತ್ತಾರೆ. ಕೇಳಿದರು ಕೂಡ.

ಹಾಗಾಗಿ ‘ಪೈಸೆ’ ಅಂತ ಹೊಸ ಟೈಪ್ ಬರೆದೆವು. ಒಳಗೆ ಪೂರ್ಣಾಂಕ ಮಾತ್ರ. ಅದನ್ನು ಬರೆಯಲು ಒಂದು ವಾರ ಸಾಕಾಯಿತು. ಹಳೆಯದನ್ನು ಬಿಡಿಸುವುದು ಹೇಗೆ ಅನ್ನುವುದಕ್ಕೆ ಎರಡು ತಿಂಗಳು. ಆ ಜಗಳದಲ್ಲಿ ಬಂದ ಐದು ದಾರಿಗಳು ಇವು. ಯಾವುದು ಎಲ್ಲಿಗೆ ಸರಿ ಅಂತ ನನಗೆ ಕಂಡಷ್ಟನ್ನು ಹೇಳುತ್ತೇನೆ.

ಒಂದು ಮಾತು ಮೊದಲೇ. ಡೆಪ್ರಿಕೇಟ್ ಮಾಡುವುದು ಅಂದರೆ ಕಿತ್ತು ಹಾಕುವುದಲ್ಲ. ‘ಇದು ಇನ್ನೂ ಕೆಲಸ ಮಾಡುತ್ತದೆ, ಆದರೆ ಹೊಸದಾಗಿ ಬಳಸಬೇಡಿ’ ಅಂತ ಹೇಳುವುದು. ಕಿತ್ತು ಹಾಕುವುದು ಅದರ ನಂತರದ, ಬೇರೆಯೇ ಆದ ನಿರ್ಧಾರ. ನಮ್ಮ ಅರ್ಧ ಜಗಳ ಈ ಎರಡನ್ನು ಒಂದೇ ಅಂದುಕೊಂಡದ್ದರಿಂದ ಬಂದದ್ದು.

ದಾರಿ ಹುಡುಕುವ ಮೊದಲು

ಫಂಕ್ಷನ್ (ಹೆಸರು ಹಿಡಿದು ಕರೆಯುವ ಕೋಡಿನ ತುಂಡು) ಒಂದನ್ನು ತೆಗೆಯುವುದಕ್ಕೂ ಡೇಟಾ ಟೈಪ್ ಒಂದನ್ನು ತೆಗೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಫಂಕ್ಷನ್ನನ್ನು ಎಲ್ಲಿ ಕರೆದಿದ್ದಾರೆ ಅಂತ ಹುಡುಕಿದರೆ ಸಿಗುತ್ತದೆ. ಟೈಪ್ ಹಾಗಲ್ಲ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತದೆ. ಡೇಟಾಬೇಸ್‌ಗೆ ಇಳಿಯುತ್ತದೆ. ಯಾರೋ ಅದರಿಂದ ತಮ್ಮದೇ ಕ್ಲಾಸ್ (ಕೋಡಿನಲ್ಲಿ ಟೈಪನ್ನು ಬರೆಯುವ ರೂಪ) ಮಾಡಿಕೊಂಡಿರುತ್ತಾರೆ. ಪೈಥಾನ್‌ನಲ್ಲಿ ಪಿಕಲ್ ಅನ್ನುವ ರೀತಿಯ ಫೈಲಾಗಿ ಉಳಿಸಿದರಂತೂ, ಫೈಲಿನ ಒಳಗೆ ಇರುವುದು ಮಾಡ್ಯೂಲಿನ (ಕೋಡ್ ಇರುವ ಫೈಲಿನ) ಹೆಸರು ಮತ್ತು ಕ್ಲಾಸಿನ ಹೆಸರು, ಅದರ ಜೊತೆ ಉಳಿಸಿದ ಮಾಹಿತಿ. ಕ್ಲಾಸಿನ ಕೋಡ್ ಅಲ್ಲಿರುವುದಿಲ್ಲ. ನೀವು ಆ ಕ್ಲಾಸ್ ತೆಗೆದ ದಿನ ಮೂರು ವರ್ಷದ ಹಿಂದಿನ ಫೈಲ್ ತೆರೆಯುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು: ಹಳೆ ಟೈಪ್ ಕೋಡಿನಲ್ಲಿ ಮಾತ್ರ ಇದೆಯಾ, ಉಳಿಸಿದ ಫೈಲುಗಳಿಗೂ ಇಳಿದಿದೆಯಾ? ಕೋಡಿನಲ್ಲಿ ಮಾತ್ರ ಇದ್ದರೆ ನೀವು ಪುಣ್ಯವಂತರು. ಆಮೇಲೆ ನೋಡಬೇಕಾದದ್ದು: ಬದಲಾಯಿಸುವಾಗ ತಪ್ಪಾದರೆ ಪ್ರೋಗ್ರಾಂ ಬೊಬ್ಬೆ ಹೊಡೆದು ನಿಲ್ಲುತ್ತದಾ, ಸುಮ್ಮನೆ ತಪ್ಪು ಉತ್ತರ ಕೊಡುತ್ತಾ ಹೋಗುತ್ತದಾ?

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆ ಪೆಟ್ಟಿಗೆ ಇದೆ. ಮುತ್ತಜ್ಜನ ಕಾಲದ ಗೇಣಿ ಚೀಟಿಗಳು ಅದರಲ್ಲಿವೆ. ನಮ್ಮ ಊರು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದವು. ಎಲ್ಲ ಕನ್ನಡದಲ್ಲಿ, ಲೆಕ್ಕವೆಲ್ಲ ಮುಡಿ, ಸೇರು ಅನ್ನುವ ಹಳೆ ಅಳತೆಗಳಲ್ಲಿ, ಹಣ ಆಣೆಗಳಲ್ಲಿ. ಇವತ್ತು ಮುಡಿ ಲೆಕ್ಕದಲ್ಲಿ ಯಾರೂ ಹೊಸ ಚೀಟಿ ಬರೆಯುವುದಿಲ್ಲ. ಆದರೆ ಜಾಗದ ವಿಷಯಕ್ಕೆ ತಕರಾರು ಬಂದಾಗ ಓದುವವರು ಬೇಕಾಗುತ್ತದೆ. ನಮ್ಮ ಜಗಳ ಮುಗಿದದ್ದು ಆ ಪೆಟ್ಟಿಗೆಯಿಂದಲೇ. ಹಳೆ ಟೈಪಿನಲ್ಲಿ ಬರೆಯುವುದನ್ನು ಬೇಗ ನಿಲ್ಲಿಸಬೇಕು. ಓದುವುದನ್ನು ಎಲ್ಲಕ್ಕಿಂತ ಕೊನೆಗೆ, ಸಾಧ್ಯವಾದರೆ ಯಾವತ್ತೂ ನಿಲ್ಲಿಸಬಾರದು. ಕೆಳಗಿನ ಐದು ದಾರಿಗಳನ್ನೂ ನಾನು ಈ ಕಣ್ಣಿನಿಂದಲೇ ನೋಡುತ್ತಿದ್ದೇನೆ.

ಬೋರ್ಡು ಹಾಕಿ ಬಿಟ್ಟುಬಿಡುವುದು

ಡಾಕ್ಯುಮೆಂಟೇಶನ್‌ನಲ್ಲಿ ‘ಇದು ಹಳೆಯದು, ಅದನ್ನು ಬಳಸಿ’ ಅಂತ ಬರೆದು ಸುಮ್ಮನಾಗುವುದು. ಕೇಳಲು ಸೋಮಾರಿತನ ಅನಿಸುತ್ತದೆ. ಆದರೆ ದೊಡ್ಡ ದೊಡ್ಡವರೇ ಇದನ್ನು ಮಾಡಿದ್ದಾರೆ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದಿನಾಂಕಕ್ಕೆ ಇರುವ ಹಳೆ ‘ಡೇಟ್’ ಕ್ಲಾಸ್ ನೋಡಿ. ಅದರಲ್ಲಿ ವರ್ಷ ಕೇಳಿದರೆ 1900 ಕಳೆದು ಕೊಡುತ್ತದೆ, ಜನವರಿ ಅಂದರೆ ಸೊನ್ನೆ. ಅದರ ಹಲವು ಮೆಥಡ್‌ಗಳನ್ನು (ಕ್ಲಾಸಿನ ಒಳಗಿನ ಫಂಕ್ಷನ್‌ಗಳನ್ನು) 1997ರಲ್ಲೇ, ಜಾವಾ 1.1ರಲ್ಲಿ ಡೆಪ್ರಿಕೇಟ್ ಮಾಡಿದರು. ಅವು ಇವತ್ತಿಗೂ ಇವೆ. ಸರಿಯಾದ ಬದಲಿ ಬಂದದ್ದು 2014ರಲ್ಲಿ, ಜಾವಾ 8ರ ಜೊತೆಗೆ.

ಇದರ ಲಾಭ ಅಂದರೆ ಯಾರ ಪ್ರೋಗ್ರಾಮೂ ಮುರಿಯುವುದಿಲ್ಲ. ನಷ್ಟ ಅಂದರೆ ಹೊಸಬರು ಹಳೆಯದನ್ನೇ ಕಲಿಯುತ್ತಾರೆ. ಬೋರ್ಡನ್ನು ಓದುವವರು ಮೊದಲೇ ಜಾಗ್ರತೆಯ ಜನ. ಓದಬೇಕಾದವರು ಹಳೆ ಕೋಡನ್ನು ಕಾಪಿ ಮಾಡಿ ಅಂಟಿಸುತ್ತಾರೆ. ಎರಡು ದಶಕ ‘ಡೆಪ್ರಿಕೇಟೆಡ್’ ಅಂತ ಹೇಳಿಯೂ ತೆಗೆಯದಿದ್ದರೆ ಆ ಮಾತಿಗೆ ಬೆಲೆ ಉಳಿಯುವುದಿಲ್ಲ. ಅದಕ್ಕೇ ಇರಬೇಕು, 2017ರಲ್ಲಿ ಬಂದ ಜಾವಾ 9ರಲ್ಲಿ ‘ಇದನ್ನು ನಿಜವಾಗಿಯೂ ತೆಗೆಯುತ್ತೇವೆ’ ಅಂತ ಹೇಳುವ ಬೇರೆಯೇ ಗುರುತನ್ನು ಸೇರಿಸಬೇಕಾಯಿತು. ಮನೆಯಲ್ಲಿ ಅಮ್ಮ ಎರಡನೇ ಸಲ ಪೂರ್ತಿ ಹೆಸರು ಹಿಡಿದು ಕರೆದ ಹಾಗೆ.

ಹಳೆ ಟೈಪ್ ಚಂದವಿಲ್ಲ ಅಷ್ಟೇ, ತಪ್ಪು ಉತ್ತರ ಕೊಡುವುದಿಲ್ಲ ಅಂತಾದರೆ ಈ ದಾರಿ ಸಾಕು. ನಮ್ಮ ‘ರೂಪಾಯಿ’ ತಪ್ಪು ಉತ್ತರವನ್ನೇ ಕೊಡುತ್ತಿತ್ತು. ಬಿಟ್ಟೆವು.

ವಾರ್ನಿಂಗ್ ಕೊಡಿ, ಗಡುವು ಹೇಳಿ, ತೆಗೆಯಿರಿ

ಎಲ್ಲರೂ ಹೇಳುವ ದಾರಿ ಇದು. ಪೈಥಾನ್ ಭಾಷೆಯದೇ ನಿಯಮದ ಪ್ರಕಾರ ಕಡಿಮೆ ಅಂದರೆ ಎರಡು ಬಿಡುಗಡೆಗಳಲ್ಲಿ ಎಚ್ಚರಿಕೆ ಕೊಟ್ಟ ಮೇಲೆಯೇ ಏನನ್ನಾದರೂ ತೆಗೆಯಬೇಕು. ಸಂಖ್ಯೆಗಳ ಲೆಕ್ಕಕ್ಕೆ ಪೈಥಾನ್‌ನಲ್ಲಿ ಬಳಸುವ ಲೈಬ್ರರಿ ನಂಪೈ. ಅದರವರು 2021ರ ಜನವರಿಯಲ್ಲಿ, 1.20ನೇ ವರ್ಷನ್‌ನಲ್ಲಿ, ಪೈಥಾನ್‌ನದೇ ಟೈಪುಗಳಿಗೆ ತಾವಿಟ್ಟ ‘ಇಂಟ್’, ‘ಫ್ಲೋಟ್’, ‘ಬೂಲ್’ ಅನ್ನುವ ಅಡ್ಡಹೆಸರುಗಳಿಗೆ ಎಚ್ಚರಿಕೆ ಹಾಕಿದರು. 2022ರ ಡಿಸೆಂಬರ್‌ನಲ್ಲಿ, 1.24ರಲ್ಲಿ, ತೆಗೆದರು. ಹತ್ತಿರ ಹತ್ತಿರ ಎರಡು ವರ್ಷ. ಆದರೂ ತೆಗೆದ ಮೇಲೆ ‘ನಂಪೈಯಲ್ಲಿ ಇಂಟ್ ಇಲ್ಲ’ ಅನ್ನುವ ಎರರ್ ಎಷ್ಟು ಜನರ ಹಳೆ ಪ್ರಾಜೆಕ್ಟುಗಳಲ್ಲಿ ಬಂತು ಅಂತ ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ನಾನೂ ಒಂದು ಭಾನುವಾರ ಕಳೆದುಕೊಂಡಿದ್ದೇನೆ.

ಎರಡು ವರ್ಷ ಹೇಳಿಯೂ ಯಾಕೆ ಕೇಳಿಸಲಿಲ್ಲ? ಒಂದು ಕಾರಣ ಎಚ್ಚರಿಕೆಯ ಜಾತಿಯಲ್ಲೇ ಇದೆ. ಪೈಥಾನ್‌ನ ‘ಡೆಪ್ರಿಕೇಶನ್ ವಾರ್ನಿಂಗ್’ ಸಾಮಾನ್ಯವಾಗಿ ಕಾಣುವುದಿಲ್ಲ. ಪೈಥಾನ್ 2.7 ಮತ್ತು 3.2ರಿಂದ ಅದನ್ನು ಮರೆಮಾಡಿದ್ದಾರೆ. 3.7ರಿಂದ ನೀವು ನೇರ ಓಡಿಸುವ ಮುಖ್ಯ ಫೈಲಿನಲ್ಲಿ ಬಂದರೆ ಮಾತ್ರ ಕಾಣುತ್ತದೆ. ನಡುವಿನ ಲೈಬ್ರರಿ ಒಂದು ಹಳೆ ಟೈಪನ್ನು ಬಳಸಿದರೆ ನಿಮಗೆ ಸದ್ದೇ ಇಲ್ಲ. ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟ್‌ಗಳನ್ನು ಓಡಿಸುವ ಪೈಟೆಸ್ಟ್ ಇದನ್ನು ತೋರಿಸುತ್ತದೆ. ಟೆಸ್ಟ್ ಬರೆದವರಿಗೆ ಮಾತ್ರ, ಅಲ್ವಾ?

ಎಲ್ಲರಿಗೂ ಕಾಣಲೇಬೇಕು ಅಂತಾದರೆ ‘ಫ್ಯೂಚರ್ ವಾರ್ನಿಂಗ್’ ಇದೆ. ನಾವು ಉಪಾಯ ಮಾಡಿ ಅದನ್ನೇ ಹಾಕಿದೆವು. ಮರುದಿನ ಬೆಳಿಗ್ಗೆ ಎಂಟೂವರೆಗೆ ಒಂದು ಅಂಗಡಿಯಿಂದ ಫೋನು.

“ಮಾರಾಯ್ರೇ, ಚೀಟಿ ಪ್ರಿಂಟ್ ಮಾಡುವಾಗ ಎಂತದೋ ಇಂಗ್ಲಿಷ್ ಬರ್ತಾ ಉಂಟು. ಲೆಕ್ಕ ಸರಿ ಉಂಟಲ್ಲ?”

ಲೆಕ್ಕ ಸರಿ ಇತ್ತು. ಆದರೆ ಅಡಿಕೆ ತಂದು ನಿಂತವರ ಎದುರು ಅವರಿಗೆ ಮುಜುಗರ. ಆ ಹೊತ್ತಿಗೆ ನಮಗೆ ಬುದ್ಧಿ ಬಂತು. ಎಚ್ಚರಿಕೆ ಯಾರು ಏನಾದರೂ ಮಾಡಬಲ್ಲರೋ ಅವರಿಗೆ ಮಾತ್ರ ಹೋಗಬೇಕು. ಅಂಗಡಿಯವರು ಕೋಡ್ ಬದಲಾಯಿಸಲಾರರು. ಹಾಗಾಗಿ ಅಂಗಡಿಯ ಪ್ರೋಗ್ರಾಮಿನಲ್ಲಿ ಅದನ್ನು ಲಾಗ್ ಫೈಲಿಗೆ (ಪ್ರೋಗ್ರಾಂ ತನ್ನ ಕೆಲಸದ ಟಿಪ್ಪಣಿ ಬರೆದಿಡುವ ಫೈಲಿಗೆ) ತಿರುಗಿಸಿದೆವು. ನಮ್ಮ ಟೆಸ್ಟ್‌ಗಳಲ್ಲಿ ಮಾತ್ರ ಎಲ್ಲ ವಾರ್ನಿಂಗನ್ನೂ ಎರರ್ ಮಾಡಿದೆವು. ಅಲ್ಲಿ ಬೊಬ್ಬೆ ಹೊಡೆದರೆ ನಮಗೆ ಮಾತ್ರ ಕೇಳಿಸುತ್ತದೆ.

ಇನ್ನೂ ಎರಡು ಸಣ್ಣ ಸಂಗತಿ. ಎಚ್ಚರಿಕೆಯಲ್ಲಿ ‘ಸ್ಟ್ಯಾಕ್‌ಲೆವೆಲ್’ 2 ಅಂತ ಕೊಡಿ. ಇಲ್ಲದಿದ್ದರೆ ಅದು ನಿಮ್ಮ ಲೈಬ್ರರಿಯ ಸಾಲನ್ನೇ ತೋರಿಸುತ್ತದೆ, ಬಳಸಿದವರ ಸಾಲನ್ನಲ್ಲ. ಮತ್ತೆ, ‘ಮುಂದೊಂದು ದಿನ ತೆಗೆಯುತ್ತೇವೆ’ ಅಂತ ಬರೆಯಬೇಡಿ. ಯಾವ ವರ್ಷನ್‌ನಲ್ಲಿ ಅಂತ ಹೇಳಿ, ಬದಲಿಗೆ ಏನು ಬಳಸಬೇಕು ಅಂತ ಅದೇ ಸಾಲಿನಲ್ಲಿ ಹೇಳಿ. ಹೇಳಿದ ವರ್ಷನ್‌ನಲ್ಲಿ ತೆಗೆಯಲು ಆಗದಿದ್ದರೆ ಮುಂದೂಡಿ, ಅದರಲ್ಲಿ ನಾಚಿಕೆ ಏನಿಲ್ಲ. ಪೈಥಾನ್‌ನವರೇ ‘ಕಲೆಕ್ಷನ್ಸ್’ ಒಳಗಿನ ಕೆಲವು ಹಳೆ ಹೆಸರುಗಳನ್ನು 3.9ರಲ್ಲಿ ತೆಗೆಯಲು ಹೊರಟು, ಜಾಸ್ತಿ ಜನಕ್ಕೆ ತೊಂದರೆ ಅಂತ 3.10ಕ್ಕೆ ದೂಡಿದರು. ಅವನ್ನು ಡೆಪ್ರಿಕೇಟ್ ಮಾಡಿದ್ದು 3.3ರಲ್ಲೇ!

ಹಳೆ ಟೈಪ್ ಕೋಡಿನಲ್ಲಿ ಮಾತ್ರ ಇದ್ದು, ಬಳಸುವವರು ಪ್ರೋಗ್ರಾಮರ್‌ಗಳೇ ಆಗಿದ್ದರೆ ನನ್ನ ಮತ ಈ ದಾರಿಗೆ.

ಹೆಸರು ಅದೇ, ಒಳಗೆ ಬೇರೆ

ನಮ್ಮ ಮೂವರಲ್ಲಿ ಒಬ್ಬನಿಗೆ ಇದೇ ಬೇಕಿತ್ತು. ‘ರೂಪಾಯಿ’ ಅಂತಲೇ ಇರಲಿ, ಒಳಗೆ ಫ್ಲೋಟ್ ಬದಲು ಪೈಸೆ ಲೆಕ್ಕ ಇಡೋಣ, ಯಾರಿಗೂ ಗೊತ್ತಾಗುವುದಿಲ್ಲ ಅಂದ. ಗೊತ್ತಾಗುವುದಿಲ್ಲ ಅನ್ನುವುದೇ ಅದರ ತೊಂದರೆ.

ಹಳೆ ಫೈಲಿನಲ್ಲಿ 14800 ಅಂತ ಇದೆ. ಅದು ರೂಪಾಯಿ. ಹೊಸ ಕೋಡ್ ಅದನ್ನು ಪೈಸೆ ಅಂತ ಓದಿದರೆ ಚೀಟಿಯಲ್ಲಿ 148 ರೂಪಾಯಿ. ಇಷ್ಟು ದೊಡ್ಡ ತಪ್ಪಾದರೆ ಅಡಿಕೆ ತಂದವರು ಅಲ್ಲೇ ಹಿಡಿಯುತ್ತಾರೆ. ನಮ್ಮ ಟೆಸ್ಟಿನಲ್ಲೂ ಸಿಕ್ಕಿತು. ಹೆದರಬೇಕಾದದ್ದು ಸಣ್ಣ ತಪ್ಪುಗಳಿಗೆ. ಭಾಗಿಸುವ ಚಿಹ್ನೆ ಮೊದಲು ಒಂದು ಅರ್ಥ ಕೊಡುತ್ತಿತ್ತು, ಈಗ ಇನ್ನೊಂದು. ಹೋಲಿಸುವ ಚಿಹ್ನೆ ಮೊದಲು ಹೌದು ಅನ್ನುತ್ತಿದ್ದ ಕಡೆ ಈಗ ಅಲ್ಲ ಅನ್ನುತ್ತದೆ. ಎರರ್ ಬರುವುದಿಲ್ಲ.

ನಂಪೈಯ ‘ಮ್ಯಾಟ್ರಿಕ್ಸ್’ ಟೈಪ್ ಇದಕ್ಕೆ ಒಳ್ಳೆಯ ಪಾಠ. ಅದು ಸಂಖ್ಯೆಗಳ ಸಾಲನ್ನು ಇಡುವ ‘ಅರೇ’ ಟೈಪಿನದೇ ಮಗು, ಅಂದರೆ ಅದರ ಗುಣಗಳನ್ನು ಪಡೆದು ಹುಟ್ಟಿದ ಟೈಪ್. ಆದರೆ ಗುಣಾಕಾರದ ಚಿಹ್ನೆಗೆ ಅರೇಯಲ್ಲಿ ಒಂದೊಂದು ಅಂಶವನ್ನೂ ಗುಣಿಸು ಅಂತ ಅರ್ಥ, ಮ್ಯಾಟ್ರಿಕ್ಸ್‌ನಲ್ಲಿ ಸಾಲು-ಕಂಬ ಸೇರಿಸಿ ಗುಣಿಸು ಅಂತ. ಅರೇ ಬರುತ್ತದೆ ಅಂದುಕೊಂಡು ಬರೆದ ಫಂಕ್ಷನ್‌ಗೆ ಮ್ಯಾಟ್ರಿಕ್ಸ್ ಹೋದರೆ, ಅದೂ ಚೌಕದ್ದಾದರೆ, ತಪ್ಪು ಉತ್ತರ ಶಾಂತವಾಗಿ ಹೊರಬರುತ್ತದೆ. 2018ರಲ್ಲಿ 1.15ರಿಂದ ಅದಕ್ಕೆ ‘ಮುಂದೆ ಡೆಪ್ರಿಕೇಟ್ ಆಗಬಹುದು’ ಅನ್ನುವ ಮೆದು ಎಚ್ಚರಿಕೆ ಇದೆ. ತೆಗೆಯುವುದು ಸುಲಭವಲ್ಲ, ಯಾಕೆಂದರೆ ವಿಜ್ಞಾನದ ಲೆಕ್ಕಗಳ ಲೈಬ್ರರಿಯಾದ ಸೈಪೈಯ ಸ್ಪಾರ್ಸ್ ಮ್ಯಾಟ್ರಿಕ್ಸ್‌ಗಳು (ಬಹುಪಾಲು ಸೊನ್ನೆಯೇ ಇರುವವು) ಅದನ್ನೇ ನಂಬಿ ಕೂತಿದ್ದವು. ಸೈಪೈಯವರು ಇದಕ್ಕೆ ಏನು ಮಾಡಿದರು? ಹಳೆ ಹೆಸರಿನ ಅರ್ಥ ಬದಲಾಯಿಸಲಿಲ್ಲ. 2022ರಲ್ಲಿ 1.8ರಲ್ಲಿ ‘ಸ್ಪಾರ್ಸ್ ಅರೇ’ ಅಂತ ಹೊಸ ಹೆಸರಿನ ಟೈಪುಗಳನ್ನೇ ಪಕ್ಕದಲ್ಲಿ ಇಟ್ಟರು.

ಹೆಸರನ್ನು ಮತ್ತೆ ಬಳಸಲೇಬೇಕು ಅಂತಿದ್ದರೆ ನಡುವೆ ಒಂದು ಖಾಲಿ ಕಾಲ ಬಿಡಿ. ಮೇಲೆ ಹೇಳಿದ ನಂಪೈಯ ‘ಬೂಲ್’ ಹೆಸರು 1.24ರಲ್ಲಿ ಹೋಯಿತು. 2024ರಲ್ಲಿ 2.0ರಲ್ಲಿ ವಾಪಸ್ ಬಂತು, ಈ ಸಲ ಪೈಥಾನ್‌ನ ಬೂಲ್ ಆಗಿ ಅಲ್ಲ, ನಂಪೈಯದೇ ಟೈಪ್ ಆಗಿ. ನಡುವಿನ ಒಂದೂವರೆ ವರ್ಷ ಹಳೆ ಅರ್ಥದಲ್ಲಿ ಬರೆದ ಕೋಡ್ ಓಡಲೇ ಇಲ್ಲ. ಸೀದಾ ಬದಲಾಯಿಸಿದ್ದರೆ ಓಡುತ್ತಿತ್ತು, ಯಾವ ಅರ್ಥದಲ್ಲಿ ಅಂತ ಯಾರಿಗೂ ತಿಳಿಯದೆ.

ಪಕ್ಕದಲ್ಲಿ ಹೊಸದು, ನಡುವೆ ಸಂಕ

ನಮ್ಮ ಕಡೆ ತೋಡು ದಾಟಲು ಎರಡು ಅಡಿಕೆ ಮರ ಅಡ್ಡ ಹಾಕಿ ಸಂಕ ಮಾಡುತ್ತಾರೆ. ಈ ದಾರಿ ಅದೇ. ಹಳೆ ಟೈಪೂ ಇದೆ, ಹೊಸದೂ ಇದೆ, ನಡುವೆ ಒಂದು ಪರಿವರ್ತಕ. ಜಾವಾದಲ್ಲಿ ಹಳೆ ‘ಡೇಟ್’ನಿಂದ ಸಮಯದ ಹೊಸ ಟೈಪಾದ ‘ಇನ್‌ಸ್ಟಂಟ್’ಗೆ ಹೋಗಲು, ಬರಲು ಇಂಥದೇ ಮೆಥಡ್‌ಗಳನ್ನು ಇಟ್ಟಿದ್ದಾರೆ.

ನಾವು ಆರಿಸಿಕೊಂಡದ್ದು ಇದನ್ನು. ಆದರೆ ಸಂಕದ ಮೇಲೆ ಏನು ದಾಟುತ್ತದೆ, ಹೇಗೆ ದಾಟುತ್ತದೆ ಅನ್ನುವುದರಲ್ಲೇ ಎಲ್ಲ ಕಷ್ಟ ಇರುವುದು.

ಇದಕ್ಕೆ ಒಂದು ಹಳೆ ಕಥೆ ಇದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಸರಿಯಾಗಿ ಐದು ತಿಂಗಳ ಮೇಲೆ, 1957ರ ಏಪ್ರಿಲ್ 1ಕ್ಕೆ, ದೇಶದ ನಾಣ್ಯವೇ ಬದಲಾಯಿತು. ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂತು. ಹಳೆ ನಾಣ್ಯಗಳನ್ನು ಅದೇ ದಿನ ರದ್ದು ಮಾಡಲಿಲ್ಲ. ಕೆಲವು ವರ್ಷ ಎರಡೂ ಒಟ್ಟಿಗೆ ಓಡಾಡಿದವು. ನಡುವೆ ಪರಿವರ್ತನೆಯ ಪಟ್ಟಿ. ಒಂದು ಆಣೆ ಅಂದರೆ ಲೆಕ್ಕ ಪ್ರಕಾರ 6.25 ಪೈಸೆ, ಪಟ್ಟಿಯಲ್ಲಿ 6. ಎರಡು ಆಣೆಗೆ 12, ಮೂರಕ್ಕೆ 19, ನಾಲ್ಕಕ್ಕೆ 25. ಈಗ ನೋಡಿ: ಹದಿನಾರು ಸಲ ಒಂದೊಂದೇ ಆಣೆಯನ್ನು ಬದಲಾಯಿಸಿದರೆ 96 ಪೈಸೆ. ಒಟ್ಟಿಗೆ ಬದಲಾಯಿಸಿದರೆ 100. ನಾಲ್ಕು ಪೈಸೆ ಎಲ್ಲಿಗೆ ಹೋಯಿತು?

ನಮ್ಮ ಫೈಲುಗಳಲ್ಲೂ ಅದೇ ಆಯಿತು. ಹಳೆ ಫ್ಲೋಟ್ ಸಾಲುಗಳನ್ನು ಒಂದೊಂದಾಗಿ ಪೈಸೆಗೆ ರೌಂಡ್ ಮಾಡಿ ಕೂಡಿಸಿದರೆ ಒಂದು ಮೊತ್ತ, ಹಳೆ ಮೊತ್ತವನ್ನೇ ರೌಂಡ್ ಮಾಡಿದರೆ ಇನ್ನೊಂದು. ಯಾವುದು ಸರಿ? ಗಣಿತದಲ್ಲಿ ಇದಕ್ಕೆ ಉತ್ತರ ಇಲ್ಲ, ವ್ಯವಹಾರದಲ್ಲಿ ಇದೆ. ಅಡಿಕೆ ಮಾರಿದವರ ಕೈಯಲ್ಲಿ ಇರುವ ಚೀಟಿಯಲ್ಲಿ ಏನು ಅಚ್ಚಾಗಿದೆಯೋ ಅದೇ ಸರಿ. ಹಾಗಾಗಿ ಪರಿವರ್ತಕ ಒಳಗಿನ ಫ್ಲೋಟನ್ನು ನೋಡುವುದಿಲ್ಲ. ಹಳೆ ಕೋಡ್ ಚೀಟಿಯಲ್ಲಿ ಅಚ್ಚು ಹಾಕುತ್ತಿದ್ದ ಎರಡು ದಶಮಾಂಶದ ಬರಹವನ್ನೇ ಮತ್ತೆ ಮಾಡಿ, ಅದನ್ನು ಪೈಸೆಗೆ ತಿರುಗಿಸುತ್ತದೆ. ಮೊತ್ತದಲ್ಲಿ ಬರುವ ವ್ಯತ್ಯಾಸ ‘ರೌಂಡ್ ಆಫ್’ ಅಂತ ಬೇರೆ ಸಾಲಿಗೆ ಹೋಗುತ್ತದೆ. ಲೆಕ್ಕ ಬರೆಯುವವರಿಗೆ ಅದು ಹೊಸದೇನಲ್ಲ.

ಸಂಕ ಕಟ್ಟುವವರಿಗೆ ನಮ್ಮ ಅನುಭವದಿಂದ ಇನ್ನೂ ಕೆಲವು ಮಾತು. ಹೊಸ ಟೈಪನ್ನು ಹಳೆಯದರ ಮಗುವಾಗಿ ಮಾಡಬೇಡಿ. ಆಸೆಯಾಗುತ್ತದೆ, ಹಳೆ ಪರೀಕ್ಷೆಗಳೆಲ್ಲ ಹಾಗೇ ಪಾಸಾಗುತ್ತವೆ. ಆದರೆ ಅದು ಮ್ಯಾಟ್ರಿಕ್ಸ್ ಕಥೆಯೇ ಮತ್ತೆ. ಹಳೆಯದನ್ನು ಹೊಸದಕ್ಕೆ ಕೂಡಿಸಿದರೆ ತಾನಾಗಿ ಬದಲಾಯಿಸಬೇಡಿ, ಎರರ್ ಕೊಡಿ. ಯಾರು ದಾಟುತ್ತಾರೋ ಅವರು ಗೊತ್ತಿದ್ದೇ ದಾಟಲಿ. ಭಾಗಾಕಾರಕ್ಕೂ ಜಾಗ್ರತೆ. ಪೈಥಾನ್‌ನಲ್ಲಿ ಎರಡು ಪೂರ್ಣಾಂಕಗಳನ್ನು ಮಾಮೂಲಿ ಚಿಹ್ನೆಯಿಂದ ಭಾಗಿಸಿದರೂ ಫ್ಲೋಟ್ ಬರುತ್ತದೆ, ಓಡಿಸಿದ ಬೆಕ್ಕು ಹಿಂದಿನ ಬಾಗಿಲಿಂದ ಬಂದ ಹಾಗೆ. ನಮ್ಮ ‘ಪೈಸೆ’ಯಲ್ಲಿ ಭಾಗಾಕಾರವೇ ಇಲ್ಲ. ಬದಲಿಗೆ ‘ಹಂಚು’ ಅಂತ ಒಂದು ಮೆಥಡ್. 100 ರೂಪಾಯಿಯನ್ನು ಮೂವರಿಗೆ ಹಂಚಿದರೆ 3334, 3333, 3333 ಪೈಸೆ ಕೊಡುತ್ತದೆ. ಕೂಡಿಸಿದರೆ ಒಂದು ಪೈಸೆಯೂ ಹೋಗಿರುವುದಿಲ್ಲ.

ಈ ದಾರಿಯ ಖರ್ಚು ನಿಜಕ್ಕೂ ಜಾಸ್ತಿ. ಎರಡೂ ಟೈಪುಗಳಿಗೆ ಟೆಸ್ಟ್, ಎರಡಕ್ಕೂ ಡಾಕ್ಯುಮೆಂಟೇಶನ್. ಒಂದು ತಪ್ಪು ಸಿಕ್ಕಿದರೆ ಎರಡು ಕಡೆ ಸರಿಮಾಡಬೇಕು. ಮೂವರ ಬದಲು ಒಬ್ಬರೇ ನಡೆಸುವ ಲೈಬ್ರರಿಯಾದರೆ ನಾನು ಇದನ್ನು ಹೇಳುತ್ತಿರಲಿಲ್ಲವೇನೋ.

ಹೊರಗೆ ಸಾಗಿಸುವುದು

ಹಳೆ ಟೈಪನ್ನು ಬೇರೆ ಪ್ಯಾಕೇಜಿಗೆ ಹಾಕಿ ‘ಬೇಕಾದವರು ಅಲ್ಲಿಂದ ತೆಗೆದುಕೊಳ್ಳಿ’ ಅನ್ನುವುದು. ಡೇಟಾ ಪಟ್ಟಿಗಳಿಗೆ ಬಳಸುವ ಪೈಥಾನ್ ಲೈಬ್ರರಿ ಪಾಂಡಾಸ್‌ನ ‘ಪ್ಯಾನೆಲ್’ ಇದಕ್ಕೆ ಹತ್ತಿರದ ಉದಾಹರಣೆ. ಮೂರು ಆಯಾಮದ ಡೇಟಾಕ್ಕೆ ಇದ್ದ ಟೈಪ್ ಅದು. 2017ರಲ್ಲಿ 0.20ರಲ್ಲಿ ಡೆಪ್ರಿಕೇಟ್ ಆಯಿತು, 2019ರಲ್ಲಿ 0.25ರಲ್ಲಿ ಹೋಯಿತು. ಹೋಗುವ ಮೊದಲು ಎಕ್ಸ್‌ಅರೇ ಅನ್ನುವ ಬೇರೆ ಲೈಬ್ರರಿಗೆ ದಾಟಿಸುವ ಮೆಥಡ್ ಕೊಟ್ಟಿದ್ದರು. ಕೆಲವೇ ಜನ ಬಳಸುವ, ಆದರೆ ಅವರಿಗೆ ತೀರಾ ಬೇಕಾದ ಟೈಪ್ ಆಗಿದ್ದರೆ, ಹೊರಗೆ ಅದನ್ನು ನೋಡಿಕೊಳ್ಳುವವರೂ ಇದ್ದರೆ, ಇದು ಚಂದದ ದಾರಿ. ನೋಡಿಕೊಳ್ಳುವವರು ಇಲ್ಲದಿದ್ದರೆ ಮುದುಕರನ್ನು ಬಸ್ಸು ಹತ್ತಿಸಿ ಕೈ ಬೀಸಿದ ಹಾಗೆ.

ನಾವು ಹಾಕಿಕೊಂಡ ಪಂಚಾಂಗ

ಯಾವ ದಾರಿ ಅನ್ನುವಷ್ಟೇ ಯಾವಾಗ ಅನ್ನುವುದೂ ಮುಖ್ಯ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಅಂಗಡಿಯಲ್ಲಿ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಮಾರ್ಚಿನಲ್ಲಿ ಕೇಳಿದರೆ ಬೈಯುತ್ತಾರೆ. ಮಳೆ ಹಿಡಿದು ತೋಟದಲ್ಲಿ ಮದ್ದು ಬಿಡುವ ಹೊತ್ತಿಗೆ ಅಂಗಡಿ ಸ್ವಲ್ಪ ಖಾಲಿ. ಆದರೆ ಆಗ ಕರೆಂಟ್ ಇರುವುದಿಲ್ಲ.

ಕೊನೆಗೆ ಹೀಗೆ ಮಾಡಿದೆವು. ಜೂನ್-ಜುಲೈಯಲ್ಲಿ ಹೊಸ ಟೈಪ್ ಮತ್ತು ಸಂಕ ಎರಡೂ ಇರುವ ವರ್ಷನ್ ಹಾಕಿದೆವು, ಎಚ್ಚರಿಕೆ ಲಾಗಿಗೆ ಮಾತ್ರ. ಮೊದಲ ಆರೇಳು ತಿಂಗಳು ಯಾವ ಅಂಗಡಿಯಲ್ಲಿ ಯಾವ ಫಂಕ್ಷನ್ ಇನ್ನೂ ‘ರೂಪಾಯಿ’ಯನ್ನು ಕರೆಯುತ್ತದೆ ಅಂತ ಲಾಗ್ ನೋಡಿ ಒಂದೊಂದೇ ಸರಿಮಾಡಿದೆವು. ಏಪ್ರಿಲ್ 1ಕ್ಕೆ ಹೊಸ ಲೆಕ್ಕದ ಪುಸ್ತಕ ಶುರುವಾದಾಗ ಹಳೆ ಟೈಪಿನಲ್ಲಿ ಬರೆಯುವುದು ನಿಂತಿತು. ಬರೆಯಲು ಹೋದರೆ ಎರರ್. ಮುಂದಿನ ಮೇಜರ್ (ದೊಡ್ಡ ಬದಲಾವಣೆಯ) ವರ್ಷನ್‌ನಲ್ಲಿ ‘ರೂಪಾಯಿ’ ಕ್ಲಾಸೇ ಹೋಗುತ್ತದೆ. ಆದರೆ ಹಳೆ ಫೈಲ್ ಓದುವ ಒಂದು ಫಂಕ್ಷನ್ ಉಳಿಯುತ್ತದೆ. ಅದಕ್ಕೆ ಕ್ಲಾಸ್ ಬೇಡ, ಫೈಲಿನ ಸಂಖ್ಯೆಗಳನ್ನು ಓದಿ ನೇರ ‘ಪೈಸೆ’ ಕೊಡುತ್ತದೆ. ಸುಮಾರು ಅರವತ್ತು ಸಾಲು. ಅದರ ಟೆಸ್ಟ್‌ಗೆ ಮೂರು ಹಳೆ ಫೈಲುಗಳನ್ನು ಹಾಗೇ ಇಟ್ಟಿದ್ದೇವೆ, ಹೆಸರುಗಳನ್ನು ಅಳಿಸಿ.

ಒಂದು ಅಂಗಡಿ ಮಾತ್ರ ಇನ್ನೂ ಹಳೆ ವರ್ಷನ್‌ನಲ್ಲಿದೆ. ಅವರ ಕಂಪ್ಯೂಟರ್‌ನಲ್ಲಿ ಹೊಸ ಪೈಥಾನ್ ಕೂರುವುದಿಲ್ಲ. ಅವರಿಗೆ ಹಳೆ ವರ್ಷನ್ನಿಗೇ ಗಂಟು ಹಾಕಿ ಕೊಟ್ಟಿದ್ದೇವೆ, ತಿಂಗಳಿಗೊಮ್ಮೆ ಅವರ ಫೈಲನ್ನು ನಾವೇ ಸಂಕ ದಾಟಿಸುತ್ತೇವೆ. ಹೊಸ ಕಂಪ್ಯೂಟರ್ ಯಾವಾಗ ಅಂತ ಹೋದ ವಾರ ಕೇಳಿದೆ. “ಅಡಿಕೆಗೆ ರೇಟ್ ಬರಲಿ ಮಾರಾಯ್ರೇ, ನೋಡುವ” ಅಂದರು.